ಗಾಲಿಗವಸು

ಕೈಗೆ ತೊಡುವುದು ಕೈಗವಸು; ದಿಂಬಿಗೆ ಹಾಕುವುದು ದಿಂಬಿನ ಗವಸು. ಹಾಗಾದರೆ ಚಿಕ್ಕ ವಿಮಾನದ ಗಾಲಿಯ ಮೇಲೆ ತೊಡಿಸುವ ಚಿಪ್ಪನ್ನು ಗಾಲಿಗವಸು ಎಂದು ಕರೆಯುವುದಕ್ಕೆ ಯಾರ ಅಡ್ಡಿಯೂ ಇರಲಾರದೆಂದು ನಂಬಿದ್ದೇನೆ. ಇಂಗ್ಲಿಷಿನಲ್ಲಿ ಅದಕ್ಕೆ ‘ವೀಲ್ ಫೇರಿಂಗ್’ ಎಂಬ ಗಂಭೀರವಾದ ಹೆಸರುಂಟು. ಆದರೆ ಅಮೆರಿಕದಲ್ಲಿ ವಿಮಾನಗಳನ್ನು ಸ್ವಂತವಾಗಿ ಇಟ್ಟುಕೊಂಡು ತಿಕ್ಕಿ ತೊಳೆಯುವವರು ‘ವೀಲ್ ಪ್ಯಾಂಟ್’, ಎಂದರೆ ಗಾಲಿಯ ಷರಾಯಿ, ಎನ್ನುತ್ತಾರೆ. ಇಂಗ್ಲೆಂಡಿನವರು ‘ಸ್ಪ್ಯಾಟ್’ ಎನ್ನುತ್ತಾರೆ. ಹಿಂದಿನ ಕಾಲದ ದೊರೆಗಳು ಬೂಟಿಗೆ ಕೆಸರು ಸಿಡಿಯದಿರಲೆಂದು ಅದರ ಮೇಲೆ ಗುಂಡಿ ಹಾಕಿ ತೊಡುತ್ತಿದ್ದ ಬಟ್ಟೆಯ ಹೆಸರು ಅದು. ಮೂರು ಹೆಸರುಗಳಲ್ಲಿ ಎರಡು ಉಡುಪಿನವು. ಇದು ಉಪಯೋಗದ ವಸ್ತುವೋ ಶೋಕಿಯ ವಸ್ತುವೋ ಎಂಬ ಅನುಮಾನ ಹೆಸರಿಟ್ಟವರಿಗೇ ಇದ್ದಂತೆ ಕಾಣುತ್ತದೆ.

ಉಪಯೋಗವೇನೋ ಇದೆ. ಗಾಲಿಯಂಥ ಮೊಂಡು ವಸ್ತುವನ್ನು ಗಾಳಿಯಲ್ಲಿ ವೇಗವಾಗಿ ಎಳೆದುಕೊಂಡು ಹೋದರೆ, ಗಾಳಿ ಅದರ ಬೆನ್ನ ಹಿಂದೆ ಕೂಡಿಕೊಳ್ಳಲಾರದೆ ಸುಳಿಸುಳಿಯಾಗಿ ಒಡೆಯುತ್ತದೆ. ಆ ಸುಳಿಗಳನ್ನು ಎಬ್ಬಿಸುವ ಖರ್ಚು ಇಂಜಿನ್ನಿನದು. ಮುಂದೆ ದುಂಡಗೆ, ಹಿಂದೆ ಸಪುರವಾಗಿ ಬಾಲದಂತೆ ಇಳಿಯುವ ಚಿಪ್ಪನ್ನು ಗಾಲಿಗೆ ಹೊದಿಸಿದರೆ ಗಾಳಿ ಜಗಳವಿಲ್ಲದೆ ಸರಿದುಹೋಗುತ್ತದೆ. 1929ರಲ್ಲಿ ಕೇಂಬ್ರಿಜ್ಜಿನ ಪ್ರಾಧ್ಯಾಪಕರಾಗಿದ್ದ ಮೆಲ್ವಿಲ್ ಜೋನ್ಸ್ ಎಂಬವರು, ಅಂದಿನ ವಿಮಾನಗಳು ತಮ್ಮ ಶಕ್ತಿಯ ಎಷ್ಟು ದೊಡ್ಡ ಪಾಲನ್ನು ಹೀಗೆ ಗಾಳಿಯನ್ನು ಕದಡುವುದರಲ್ಲೇ ಕಳೆಯುತ್ತಿವೆ ಎಂಬುದನ್ನು ಒಂದು ಉಪನ್ಯಾಸದಲ್ಲಿ ಲೆಕ್ಕಹಾಕಿ ತೋರಿಸಿದರು. ಆಮೇಲೆ ದೊಡ್ಡ ವಿಮಾನಗಳು ಹಕ್ಕಿಯಂತೆ ಕಾಲನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುವುದನ್ನು ಕಲಿತುವು. ಬಡ ವಿಮಾನಗಳಿಗೆ ಆ ಯಂತ್ರದ ಭಾರವೂ ಬೆಲೆಯೂ ತಡೆಯದು. ಅವು ಕಾಲನ್ನು ಹೊರಗೇ ಬಿಟ್ಟುಕೊಂಡು, ಅದಕ್ಕೆ ಗವಸು ತೊಟ್ಟು ಹಾರುತ್ತವೆ.

ನಮ್ಮ ದೇಶದ ವಿಮಾನದ ಟಪಾಲನ್ನು ನೆನೆದಾಗ ಇನ್ನೊಂದು ಸಂಗತಿ ನೆನಪಿಗೆ ಬರುತ್ತದೆ. 1932ನೆಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ತಂದದ್ದು ‘ಪಸ್ ಮಾತ್’ ಎಂಬ ಚಿಕ್ಕ ವಿಮಾನದಲ್ಲಿ; ಅಲ್ಲಿಂದ ಅದನ್ನು ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಆ ಬಗೆಯ ವಿಮಾನದಲ್ಲಿ ಗಾಲಿಯ ಕಾಲುಗಳಿಗೆ ಹೊದಿಸಿದ್ದ ತೆಳು ಹೊದಿಕೆಯನ್ನು ತೊಂಬತ್ತು ಡಿಗ್ರಿ ತಿರುಗಿಸಬಹುದಾಗಿತ್ತು. ನೇರವಾಗಿದ್ದಾಗ ಅದು ಗಾಳಿಗೆ ದಾರಿ ಬಿಡುತ್ತಿತ್ತು; ಇಳಿಯುವ ಹೊತ್ತಿಗೆ ಅಡ್ಡ ತಿರುಗಿಸಿದರೆ ಅದೇ ಹೊದಿಕೆ ಗಾಳಿಗೆ ಎದೆಯೊಡ್ಡಿ ವಿಮಾನದ ಓಟವನ್ನು ತಗ್ಗಿಸುತ್ತಿತ್ತು. ಹೊದಿಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರಿಗೆ ಅದು ಯಾವ ಕಡೆ ಮುಖಮಾಡಿದೆ ಎಂದು ನಾವು ತಿರುಗಿ ಕೇಳಬೇಕಾಗುತ್ತದೆ.

ಆದರೆ ಈ ಉಪಯೋಗವೆಲ್ಲ ಎಷ್ಟು? ಸೆಸ್ನಾ 172 ಎಂಬುದು 1956ರಿಂದ ಮಾರಾಟಕ್ಕೆ ಬಂದ, 44,000ಕ್ಕೂ ಮೀರಿ ತಯಾರಾದ ನಾಲ್ಕು ಪೀಠಗಳ ವಿಮಾನ. ಅದರ ಕೈಪಿಡಿಯಲ್ಲೇ ಹೇಳಿರುವಂತೆ ಗವಸುಗಳಿಂದ ಹೆಚ್ಚುವ ವೇಗ ಸುಮಾರು ಎರಡು ನಾಟ್, ಗಂಟೆಗೆ ನಾಲ್ಕು ಕಿಲೋಮೀಟರಿಗೂ ಕಡಿಮೆ. ಎರಡು ಗಂಟೆಯ ಪ್ರಯಾಣದಲ್ಲಿ ಉಳಿಯುವುದು ಎರಡು ನಿಮಿಷ! ಒಂದು ಸಲ ಚಶ್ಮಾ ಒರೆಸಿ ಹಾಕಿಕೊಳ್ಳುವಷ್ಟು ಹೊತ್ತು. ಅವು ಇಲ್ಲದಿದ್ದರೂ ವಿಮಾನ ಏಳುತ್ತದೆ, ಹಾರುತ್ತದೆ, ಇಳಿಯುತ್ತದೆ. ಹೀಗೆ ಇದ್ದರೂ ನಡೆಯುವ, ಇಲ್ಲದಿದ್ದರೂ ನಡೆಯುವ ವಸ್ತುವೊಂದು ಒಡೆದರೆ ಅದನ್ನು ಎಷ್ಟು ಶ್ರದ್ಧೆಯಿಂದ ಸರಿಪಡಿಸಬೇಕು? ನನ್ನನ್ನು ಕೆಲವು ಕಾಲ ಕಾಡಿದ ಪ್ರಶ್ನೆ ಇದು. ಕನ್ನಡದ ಮೇಷ್ಟರಿಗೆ ವಿಮಾನದ ಗಾಲಿಯ ಚಿಂತೆ ಏತಕ್ಕೆ ಬಂತು ಎಂಬುದನ್ನು ಹೇಳಬೇಕು.

ಎರಡು ವರ್ಷದ ಕೆಳಗೆ ಬೇಸಿಗೆಯ ರಜೆಯಲ್ಲಿ ನಾನು ಅಮೆರಿಕದ ಓಹೈಯೋ ಪ್ರಾಂತದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ರೈಟ್ ಸಹೋದರರ ಪ್ರಾಂತ ಅದು. ಪಕ್ಕದ ಊರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ, ಪಿ.ಯು.ಸಿ.ಯಲ್ಲಿ ನನ್ನಿಂದ ಹಳಗನ್ನಡ ಪಾಠ ಹೇಳಿಸಿಕೊಂಡು, ಅದನ್ನು ಮರೆತು, ಇಂಜಿನಿಯರಾದವನು. ಅವನೂ ಇನ್ನಿಬ್ಬರು ಅಮೆರಿಕನ್ನರೂ ಕೂಡಿ ಐವತ್ತು ವರ್ಷ ಹಳೆಯದಾದ ಒಂದು ಸೆಸ್ನಾ 172ನ್ನು ಪಾಲಿನಲ್ಲಿ ಇಟ್ಟುಕೊಂಡಿದ್ದರು. ಅವನಿಗೆ ಬೇರೆ ಪ್ರಾಂತಕ್ಕೆ ವರ್ಗವಾಗಿತ್ತು. ತನ್ನ ಮೂರನೆಯ ಒಂದು ಪಾಲನ್ನು ಮಾರಬೇಕು. ಹಾರಲು ಹೊಸದಾಗಿ ಕಲಿತ ಒಬ್ಬ ತರುಣ ಭಾನುವಾರ ನೋಡಲು ಬರುವವನಿದ್ದ. ಅಷ್ಟರಲ್ಲಿ ಬಲಗಾಲಿಯ ಗವಸಿನಲ್ಲಿ, ಸ್ಕ್ರೂವಿನ ತೂತಿನಿಂದ ಹೊರಟ ಒಂದು ಬಿರುಕು ಕಾಣಿಸಿಕೊಂಡಿತ್ತು. ಮೂರು ಸಂಜೆ ಅವನು ಅದನ್ನು ಸರಿಮಾಡಿದ. ನಾನು ಟಾರ್ಚು ಹಿಡಿದುಕೊಂಡು ನಿಂತಿದ್ದೆ. ಆ ದೇಶದಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಟಾರ್ಚು ಬೇಕಾದದ್ದು ಗವಸಿನ ಒಳಗನ್ನು ನೋಡುವುದಕ್ಕೆ ಮಾತ್ರ.

ಗವಸು ಫೈಬರ್‌ಗ್ಲಾಸಿನದು, ಗಾಜಿನ ನೂಲಿನ ಬಟ್ಟೆಗೆ ರಾಳ ಹೀರಿಸಿ ಅಚ್ಚಿನಲ್ಲಿ ಗಟ್ಟಿಮಾಡಿದ ಚಿಪ್ಪು. ಅದರ ಬಿರುಕಿಗೆ ಮಾಡುವ ಮೊದಲ ಚಿಕಿತ್ಸೆ ನನ್ನನ್ನು ಬೆರಗುಗೊಳಿಸಿತು. ಬಿರುಕು ಎಲ್ಲಿ ಮುಗಿದಿದೆಯೋ ಅಲ್ಲಿ ಒಂದು ಸಣ್ಣ ತೂತು ಕೊರೆಯುತ್ತಾರೆ. ಒಡೆದದ್ದನ್ನು ಇನ್ನಷ್ಟು ತೂತು ಮಾಡುವುದೇ? ಹೌದು. ಬಿರುಕಿನ ತುದಿ ಸೂಜಿಯಂತೆ ಚೂಪಾಗಿರುವುದರಿಂದ ಒತ್ತಡವೆಲ್ಲ ಅಲ್ಲೇ ಸೇರಿ ಅದು ಮುಂದೆ ಮುಂದೆ ಸೀಳುತ್ತದೆ. ದುಂಡಾದ ತೂತು ಸಿಕ್ಕಿದರೆ ಒತ್ತಡ ಅದರ ಅಂಚಿನ ಉದ್ದಕ್ಕೂ ಹಂಚಿಹೋಗಿ ಬಿರುಕು ಅಲ್ಲಿಗೆ ನಿಲ್ಲುತ್ತದೆ. ಅನಂತರ ಒಳಮೈಯನ್ನು ಉಪ್ಪುಕಾಗದದಿಂದ ಅಗಲವಾಗಿ, ಇಳಿಜಾರಾಗಿ ತಿಕ್ಕಬೇಕು; ಅಸಿಟೋನಿನಲ್ಲಿ ಒರೆಸಬೇಕು; ಎಪಾಕ್ಸಿ ರಾಳದಲ್ಲಿ ನೆನೆಸಿದ ಗಾಜುಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ, ಗಾಳಿಯ ಗುಳ್ಳೆ ಉಳಿಯದಂತೆ ಒತ್ತಿ, ರಾತ್ರಿಯೆಲ್ಲ ಬಿಡಬೇಕು. ಹೊರಮೈಗೆ ಮಾಡುವ ಕೆಲಸ ಕೊನೆಯದು, ಎಲ್ಲಕ್ಕಿಂತ ಸ್ವಲ್ಪ. ಕಣ್ಣಿಗೆ ಕಾಣದ ಕಡೆ ಬಟ್ಟೆ, ಕಾಣುವ ಕಡೆ ತೆಳುವಾದ ಬಣ್ಣ.

ಮೊದಲನೆಯ ಸಂಜೆಯೇ, ಗವಸನ್ನು ಬಿಚ್ಚಿ ಬೋರಲು ಹಾಕಿ ತಿಕ್ಕತೊಡಗಿದಾಗ, ಒಂದು ಸಂಗತಿ ಹೊರಬಿತ್ತು. ಆ ಬಿರುಕು ಹೊಸದಲ್ಲ. ಯಾರೋ ಹಿಂದೆ ಅದನ್ನು ಮುಚ್ಚಿದ್ದರು. ಬಣ್ಣ ಬಳಿಯುವವರು ಗೋಡೆಯ ಸೀಳಿಗೆ ಮೆತ್ತುವಂಥ ಪುಟ್ಟಿಯನ್ನು ಮೆತ್ತಿ, ನಯಮಾಡಿ, ಮೇಲೆ ಬಿಳಿ ಬಣ್ಣ ಹೊಡೆದಿದ್ದರು. ಬಟ್ಟೆಯಿಲ್ಲ, ತುದಿಗೆ ತೂತಿಲ್ಲ. ಬಿರುಕು ಬಣ್ಣದ ಕೆಳಗೆ ತನ್ನ ಪಾಡಿಗೆ ತಾನು ಬೆಳೆದಿತ್ತು. ವಿಮಾನದ ದಾಖಲೆಯ ಪುಸ್ತಕದಲ್ಲಿ ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಇದನ್ನು ನೋಡಿದಾಗ ನನಗೆ ನೆನಪಾದದ್ದು ನನ್ನ ಕಸುಬಿನ ಮಾತು. ಹಳಗನ್ನಡ ಕಾವ್ಯಗಳನ್ನು ಓಲೆಗರಿಗಳಿಂದ ಸಂಪಾದಿಸುವವರಿಗೆ ಇಂಥ ಬಿರುಕುಗಳು ದಿನದ ಅನ್ನ. ಗರಿ ಮುರಿದಿರುತ್ತದೆ, ಹುಳು ತಿಂದಿರುತ್ತದೆ, ಪದ್ಯದ ನಡುವೆ ನಾಲ್ಕು ಅಕ್ಷರ ಹೋಗಿರುತ್ತವೆ. ಪ್ರಾಮಾಣಿಕನಾದ ಸಂಪಾದಕ ಅಲ್ಲಿ ಚುಕ್ಕಿಗಳನ್ನು ಇಡುತ್ತಾನೆ. ಛಂದಸ್ಸಿಗೂ ಅರ್ಥಕ್ಕೂ ಹೊಂದುವ ಪಾಠವನ್ನು ಊಹಿಸಿದರೆ ಅದನ್ನು ಕಂಸದೊಳಗೆ ಹಾಕಿ, ಇದು ನನ್ನ ಊಹೆ ಎನ್ನುತ್ತಾನೆ. ಲಿಪಿಕಾರರಲ್ಲಿ ಕೆಲವರು ಹಾಗೆ ಮಾಡಲಿಲ್ಲ. ಹೋದ ಅಕ್ಷರದ ಜಾಗದಲ್ಲಿ ತಮಗೆ ತೋಚಿದ್ದನ್ನು ಕವಿಯದೇ ಎಂಬಂತೆ ತುಂಬಿ ಮುಂದೆ ಸಾಗಿದರು. ಡಿ. ಎಲ್. ನರಸಿಂಹಾಚಾರ್ ಅವರು ಕನ್ನಡ ಗ್ರಂಥ ಸಂಪಾದನೆಯ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ಬರೆಯಬೇಕಾಯಿತೆಂದರೆ ಇಂಥ ತೊಡಕುಗಳ ಪ್ರಮಾಣ ಎಷ್ಟೆಂದು ಊಹಿಸಬಹುದು. ಖಾಲಿ ಬಿಟ್ಟ ಜಾಗ ಸಂಪಾದಕನನ್ನು ಮೋಸಗೊಳಿಸುವುದಿಲ್ಲ. ತುಂಬಿದ ಜಾಗ, ಅದೂ ಚೆನ್ನಾಗಿ ತುಂಬಿದ ಜಾಗ, ಅವನನ್ನು ಕೆಡಿಸುತ್ತದೆ. ಪೆದ್ದ ಲಿಪಿಕಾರನಿಗಿಂತ ಜಾಣ ಲಿಪಿಕಾರನಿಗೆ ನಾವು ಹೆಚ್ಚು ಹೆದರುತ್ತೇವೆ.

ಅಮೆರಿಕದ ವಿಮಾನಯಾನ ನಿಯಮಗಳ 43ನೆಯ ಭಾಗ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಿಮಾನದ ದುರಸ್ತಿ ಸಾಮಾನ್ಯವಾಗಿ ಪರವಾನಗಿ ಪಡೆದ ಮೆಕ್ಯಾನಿಕ್ಕುಗಳ ಕೆಲಸ. ಆದರೂ ಕೆಲವು ಚಿಲ್ಲರೆ ಕೆಲಸಗಳನ್ನು, ಹಾರುವ ಲೈಸೆನ್ಸುಳ್ಳ ಮಾಲೀಕನೇ ತನ್ನ ಖಾಸಗಿ ವಿಮಾನಕ್ಕೆ ಮಾಡಿಕೊಳ್ಳಬಹುದು. ಗಾಳಿಯ ಓಟಕ್ಕೆ ಅಡ್ಡಿಯಾಗುವಂತೆ ಆಕಾರ ಬದಲಾಗದಿದ್ದರೆ, ಗವಸುಗಳ ಸಣ್ಣಪುಟ್ಟ ದುರಸ್ತಿಯೂ ಆ ಪಟ್ಟಿಯಲ್ಲಿ ಸೇರಿದೆ. ಮಾಡಿದ ಕೆಲಸ ಏನು, ಮುಗಿದ ತಾರೀಖು ಯಾವುದು ಎಂದು ಬರೆದು, ರುಜು ಹಾಕಿ, ಲೈಸೆನ್ಸಿನ ನಂಬರನ್ನು ಕಾಣಿಸಬೇಕು. ಇನ್ನೊಂದು ವಿಧಿಯ ಮಾತಿನ ಬಿಗುವನ್ನು ಭಾಷೆಯ ಮೇಷ್ಟರಾಗಿ ನಾನು ಮೆಚ್ಚಿದೆ: ಕೆಲಸವಾದ ಮೇಲೆ ವಸ್ತುವು ತನ್ನ ಮೂಲಸ್ಥಿತಿಗೆ, ಇಲ್ಲವೇ ಯುಕ್ತವಾಗಿ ಮಾರ್ಪಡಿಸಿದ ಸ್ಥಿತಿಗೆ, ಕಡಿಮೆಯಿಲ್ಲದಂತೆ ಇರತಕ್ಕದ್ದು. ಹೊಸದರಂತೆ ಕಾಣತಕ್ಕದ್ದು ಎಂದು ಅದು ಹೇಳುವುದಿಲ್ಲ.

“ಇಷ್ಟಕ್ಕೆ ಮೂರು ದಿನ ಯಾಕಪ್ಪಾ?” ಎಂದು ನಾನು ಕೇಳಿದೆ. ಅವನು ತಿಕ್ಕುವುದನ್ನು ನಿಲ್ಲಿಸದೆ ಹೇಳಿದ: “ಸಾರ್, ಇಂಜಿನ್ನು ಕೆಟ್ಟರೆ ನಾನು ಸಾಯ್ತೀನಿ. ಅದಕ್ಕೇ ಇಂಜಿನ್ನನ್ನ ಚೆನ್ನಾಗಿ ನೋಡ್ಕೋತೀನಿ. ಅದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ.”

ಮಾತು ಅರ್ಧಕ್ಕೆ ನಿಂತರೂ ನನಗೆ ಅರ್ಥವಾಯಿತು. ರೆಕ್ಕೆಯನ್ನು ಬಿಗಿದ ಬೋಲ್ಟನ್ನು ಯಾರೂ ಅಸಡ್ಡೆ ಮಾಡುವುದಿಲ್ಲ. ಅಲ್ಲಿ ನಮ್ಮ ಕೈ ಹಿಡಿದು ಕೆಲಸ ಮಾಡಿಸುವ ಮೇಸ್ತ್ರಿ ಭಯ. ಆ ಮೇಸ್ತ್ರಿ ರಜಾ ಹಾಕಿದ ಕಡೆ ನಡೆಯುವ ಕೆಲಸ ಮಾತ್ರ ನಮ್ಮದು. ಪರೀಕ್ಷೆಗೆ ಬರುವ ಪಾಠವನ್ನು ಎಲ್ಲ ಅಧ್ಯಾಪಕರೂ ಚೆನ್ನಾಗಿಯೇ ಮಾಡುತ್ತಾರೆ. ಪರೀಕ್ಷೆಗೆ ಇಲ್ಲದ ಪದ್ಯವನ್ನು ಅವರು ಹೇಗೆ ಓದಿ ಹೇಳುತ್ತಾರೆ ಎಂಬುದನ್ನು ನೋಡಬೇಕು. (ಇದನ್ನು ನಮ್ಮ ಕಾಲೇಜಿನ ಗೆಳೆಯರು ತಮಗೆ ಹೇಳಿದ್ದೆಂದು ತಿಳಿಯಬಾರದು.)

ಆದರೆ ಇದಕ್ಕೆ ಪ್ರತಿವಾದವೂ ಉಂಟು, ಅದು ಬಲವಾದದ್ದೂ ಹೌದು. ಮೂವರು ಪಾಲುದಾರರಲ್ಲಿ ಹಿರಿಯರಾದ ಒಬ್ಬರು ಎರಡನೆಯ ಸಂಜೆ ಬಂದು, ನೋಡಿ, “ಎರಡು ನಾಟಿಗೆ ಇಷ್ಟು ತಾಪತ್ರಯವೇ? ತೆಗೆದು ಮೂಲೆಗೆ ಇಟ್ಟುಬಿಡಿ” ಎಂದರು. ಹಾಗೆ ಇಡುವವರು ಎಷ್ಟೋ ಮಂದಿ. ತರಬೇತಿಯ ಶಾಲೆಗಳಲ್ಲಿ ಅನೇಕವು ಗವಸನ್ನು ತೆಗೆದೇಬಿಡುತ್ತವೆ. ಗವಸಿನೊಳಗೆ ಕೆಸರು ತುಂಬಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಗಾಲಿ ತಿರುಗದೆ ಹೋಗಬಹುದು. ಗವಸು ಇರುವುದರಿಂದ ಟೈರಿನ ಗಾಳಿ ಎಷ್ಟಿದೆ, ಬ್ರೇಕು ಎಷ್ಟು ಸವೆದಿದೆ ಎಂಬುದು ಸುಲಭವಾಗಿ ಕಾಣುವುದಿಲ್ಲ. ಬ್ರೇಕನ್ನು ಒತ್ತಿಕೊಂಡೇ ನೆಲದ ಮೇಲೆ ಓಡಿಸುವವರಿದ್ದರೆ ಬಿಸಿ ಒಳಗೇ ಉಳಿಯುತ್ತದೆ. ಮುಚ್ಚಿದ್ದರಿಂದ ಉಳಿಯುವುದು ಎರಡು ನಿಮಿಷವಾದರೆ, ತೆರೆದದ್ದರಿಂದ ಉಳಿಯುವುದು ಜೀವವೇ ಆಗಬಹುದು. ಅಲಂಕಾರಗಳನ್ನು ಮೈಮೇಲಿನ ಹಾರಗಳಿಗೆ ಹೋಲಿಸಿದ ಮಮ್ಮಟನು, ಅವು ರಸಕ್ಕೆ ಕೆಲವು ಸಲ ಮಾತ್ರ ಒದಗುತ್ತವೆ ಎಂದು ಎಚ್ಚರಿಕೆಯಿಂದ ಹೇಳಿದ್ದಾನೆ. ಆ ‘ಕೆಲವು ಸಲ’ ಎಂಬುದರಲ್ಲಿ ಈ ಹಿರಿಯರ ಮಾತೂ ಅಡಗಿದೆ.

ನಾನು ಅವರ ಮಾತನ್ನು ಪೂರ್ತಿ ಒಪ್ಪಬಲ್ಲೆ, ಅವರು ನಿಜವಾಗಿ ಗವಸನ್ನು ತೆಗೆದು ಹಾರುವವರಾಗಿದ್ದರೆ. ಬಿರುಕು ಬಿಟ್ಟ ಗವಸನ್ನು ಮೂಲೆಗಿಟ್ಟು, ವಿಮಾನದ ತೂಕದ ಲೆಕ್ಕವನ್ನು ತಿದ್ದಿ ಬರೆದು, ಬರಿಗಾಲಿನಲ್ಲಿ ಹಾರುವವನು ಯಾರಿಗೂ ಏನನ್ನೂ ಬಚ್ಚಿಡಲಿಲ್ಲ. ಚೆನ್ನಾಗಿ ಸರಿಪಡಿಸಿ ತೊಡಿಸುವವನೂ ಬಚ್ಚಿಡಲಿಲ್ಲ. ಇವರಿಬ್ಬರ ನಡುವೆ ಇರುವವನ ಬಗ್ಗೆ ನನ್ನ ತಕರಾರು: ವಸ್ತು ಮುಖ್ಯವಲ್ಲ ಎನ್ನುತ್ತಾನೆ, ಆದರೆ ಅದು ಇದ್ದಂತೆ ಕಾಣಬೇಕು ಎನ್ನುತ್ತಾನೆ. ಮುಖ್ಯವಲ್ಲದ್ದಕ್ಕೆ ಬಣ್ಣ ಏಕೆ?

ಅದೇ ಹ್ಯಾಂಗರ್ ಸಾಲಿನಲ್ಲಿ, ತನ್ನ ವಿಮಾನವನ್ನು ತಾನೇ ಕಟ್ಟಿಕೊಂಡ ಒಬ್ಬ ನಿವೃತ್ತರಿದ್ದರು. ಗವಸು ಕೂರಿಸುವ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ಕಾಣೆ. ಆ ಬಗೆಯ ವಿಮಾನದಲ್ಲಿ ಗವಸಿನ ದಿಕ್ಕನ್ನು ಕಟ್ಟುವವನೇ ಹೊಂದಿಸಬೇಕು. ಅವರು ವಿಮಾನವನ್ನು ಜಾಕಿನ ಮೇಲೆ ಎತ್ತಿ, ಗಾಲಿಯನ್ನು ನೆಲದಿಂದ ಬಿಡಿಸಿ, ಗಾರೆಯವರ ತೂಗುಗುಂಡನ್ನು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಅದಕ್ಕೆ ಹೊಂದಿಸುತ್ತಿದ್ದರು. ಎತ್ತುವುದೇಕೆಂದು ಕೇಳಿದೆ. ನೆಲದ ಮೇಲೆ ಮೈಭಾರಕ್ಕೆ ಕಾಲುಗಳು ಅಗಲಿ ಗಾಲಿಗಳು ಸ್ವಲ್ಪ ತಿರುಗಿರುತ್ತವೆ. ನೆಲದ ಮೇಲೆ ನೇರವಾಗಿ ಕೂರಿಸಿದ ಗವಸು ಆಕಾಶದಲ್ಲಿ ಸೊಟ್ಟಗಾಗಿ, ಚುಕ್ಕಾಣಿಯಂತೆ ವಿಮಾನವನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ ಎಂದರು. ಯಾರೂ ನೋಡಲಾರದ ಎತ್ತರದಲ್ಲಿ ನೇರವಾಗಿರಲೆಂದು, ಎಲ್ಲರೂ ನೋಡುವ ನೆಲದ ಮೇಲೆ ಸೊಟ್ಟಗೆ ಕಾಣುವುದನ್ನು ಅವರು ಲೆಕ್ಕಿಸಿರಲಿಲ್ಲ.

ಇನ್ನು ನಮ್ಮ ಗವಸಿನ ಕಥೆಯ ಕಠಿನವಾದ ಭಾಗ. ದಾಖಲೆಗೆ ಏನು ಬರೆಯಬೇಕೆಂದು ನನ್ನ ವಿದ್ಯಾರ್ಥಿ ಒಂದು ಚೀಟಿಯ ಮೇಲೆ ಮೊದಲು ಗೀಚಿಕೊಂಡ. ಬಲಗಾಲಿಯ ಗವಸನ್ನು ಬಿಚ್ಚಿದೆ, ಹಿಂದೆ ಬಟ್ಟೆಯಿಲ್ಲದೆ ತುಂಬಿದ್ದ ಪುಟ್ಟಿಯನ್ನು ತೆಗೆದೆ, ಒಳಗಡೆ ಗಾಜುಬಟ್ಟೆ ಹಾಕಿ ಸರಿಪಡಿಸಿದೆ, ಮತ್ತೆ ತೊಡಿಸಿದೆ. ಮೂರನೆಯ ಸಂಜೆ ಆ ಹಿರಿಯರು ಚೀಟಿಯನ್ನು ಓದಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಎರಡನೆಯ ವಾಕ್ಯವನ್ನು ಬಿಟ್ಟುಬಿಡು ಎಂದರು. ಆ ಪುಟ್ಟಿ ಅವರದೇ. ನಾಲ್ಕು ವರ್ಷದ ಕೆಳಗೆ, ಕಾಯಿಲೆಯ ಹೆಂಡತಿಯನ್ನು ಮಗಳ ಊರಿಗೆ ಮರುದಿನವೇ ಕರೆದುಕೊಂಡು ಹೋಗಬೇಕಾಗಿದ್ದಾಗ ಅವಸರದಲ್ಲಿ ಮಾಡಿದ್ದು. ಬಂದ ಮೇಲೆ ಸರಿಯಾಗಿ ಮಾಡೋಣವೆಂದುಕೊಂಡಿದ್ದರು. ಬಂದ ಮೇಲೆ ಆಸ್ಪತ್ರೆ, ಆಮೇಲೆ ಬೇರೆ ಎಲ್ಲವೂ. “ನಾಲ್ಕು ವರ್ಷ ಹಾರಿದೆವು. ಆಕಾಶ ಕಳಚಿ ಬೀಳಲಿಲ್ಲ. ಈಗ ಅದನ್ನು ಬರೆದರೆ ಕೊಳ್ಳುವವನು ಪುಸ್ತಕದಲ್ಲಿ ಇನ್ನೇನೇನು ಬಿಟ್ಟಿದೆಯೋ ಎನ್ನುತ್ತಾನೆ. ಬೆಲೆ ಇಳಿಯುವುದು ನಿನ್ನ ಪಾಲಿಗೆ ಮಾತ್ರವಲ್ಲ.”

ಈ ಮಾತಿನಲ್ಲಿ ಸುಳ್ಳಿಲ್ಲ. ಕಾನೂನಿನಂತೆಯೂ ನನ್ನ ವಿದ್ಯಾರ್ಥಿ ಬರೆಯಬೇಕಾದದ್ದು ತಾನು ಮಾಡಿದ ಕೆಲಸವನ್ನು. ಹಿಂದಿನವರು ಬರೆಯದೆ ಬಿಟ್ಟದ್ದಕ್ಕೆ ಅವನು ಹೊಣೆಯಲ್ಲ. ಒಂದು ಕಡೆ ಹೆಸರೂ ಮುಖವೂ ಗೊತ್ತಿಲ್ಲದ ತರುಣ. ಇನ್ನೊಂದು ಕಡೆ, ಮೊದಲ ಚಳಿಗಾಲದಲ್ಲಿ ತನ್ನನ್ನು ಮನೆಗೆ ಕರೆದು ಊಟ ಹಾಕಿದ ಹಿರಿಯರು. ಅಪರಿಚಿತನಿಗೆ ನಿಜ ಹೇಳಲು ಪರಿಚಿತನ ಮನಸ್ಸನ್ನು ನೋಯಿಸಬೇಕೆ? ಸತ್ಯವನ್ನು ಹೇಳು, ಪ್ರಿಯವನ್ನು ಹೇಳು ಎಂದು ಕಲಿಸುವ ನಮಗೆ, ಅವೆರಡೂ ಎದುರುಬದುರಾದಾಗ ಹುಡುಗರಿಗೆ ಏನು ಹೇಳಬೇಕೆಂದು ತಕ್ಷಣ ತೋಚುವುದಿಲ್ಲ. ಅವನು ನನ್ನ ಮುಖ ನೋಡಿದ. ನಾನು ಅವನ ಮೇಷ್ಟರು. ಆದರೆ ಆ ಪುಸ್ತಕದಲ್ಲಿ ರುಜು ಹಾಕುವವನು ಅವನು. ನಾನು ಬಾಯಿ ತೆರೆಯಲಿಲ್ಲ.

ಅವನು ವಾಕ್ಯವನ್ನು ಬಿಡಲಿಲ್ಲ. ಯಾರು ಮೆತ್ತಿದರು, ಯಾವಾಗ ಮೆತ್ತಿದರು ಎಂಬುದನ್ನು ಬರೆಯಲೂ ಇಲ್ಲ. ಬಿರುಕಿನ ಹಿಂದಿನ ಸ್ಥಿತಿ ತಿಳಿಯದಿದ್ದರೆ, ಮುಂದೆ ಅದೇ ಜಾಗ ಮತ್ತೆ ಸೀಳಿದಾಗ ನೋಡುವ ಮೆಕ್ಯಾನಿಕ್ಕು ಹೊಸ ಬಟ್ಟೆಯ ಮೇಲೆ ತಪ್ಪು ಹೊರಿಸುತ್ತಾನೆ, ಇಲ್ಲವೇ ಕಾಲಿನ ಅಲುಗಾಟವನ್ನು ಹುಡುಕಿಕೊಂಡು ಹೋಗುತ್ತಾನೆ; ಆದ್ದರಿಂದ ಪುಟ್ಟಿ ಇತ್ತು ಎಂಬುದು ಕೆಲಸಕ್ಕೆ ಸಂಬಂಧಪಟ್ಟ ಸುದ್ದಿ, ಯಾರದೆಂಬುದು ಅಲ್ಲ ಎಂದು ಆಮೇಲೆ ಕಾರಿನಲ್ಲಿ ನನಗೆ ವಿವರಿಸಿದ. ಇಂಜಿನಿಯರನ ಉತ್ತರ. ಆ ಬಗೆಯ ಉತ್ತರಕ್ಕೆ ನನಗೆ ಸಾಹಿತ್ಯದವರ ಉತ್ತರಕ್ಕಿಂತ ಹೆಚ್ಚು ಗೌರವ ಬಂದಿದೆ. ಮುಂದೆ ಪಾಲು ಮಾರಾಟವಾದಾಗ ಬೆಲೆ ಸ್ವಲ್ಪ ಇಳಿಯಿತೆಂದು ಫೋನಿನಲ್ಲಿ ಹೇಳಿದ. ಎಷ್ಟೆಂದು ನಾನು ಕೇಳಲಿಲ್ಲ.

ಪುಟ್ಟಿ ಮೆತ್ತಿದವರ ಮೇಲೆ ನನಗೆ ಸಿಟ್ಟಿಲ್ಲ. ಹೆಂಡತಿಯ ಕಾಯಿಲೆಯ ಹಿಂದಿನ ರಾತ್ರಿ ಯಾರೇ ಆಗಲಿ ಅದನ್ನೇ ಮಾಡಿಯಾರು. ಅಂದು ರಾತ್ರಿಯೇ ಪುಸ್ತಕದಲ್ಲಿ, ಇದು ತಾತ್ಕಾಲಿಕ ಎಂದು ಒಂದು ಸಾಲು ಬರೆದಿದ್ದರೆ ಅದು ಪುಟ್ಟಿಯಾಗಿಯೇ ಉಳಿಯುತ್ತಿತ್ತು. ನಾಲ್ಕು ವರ್ಷದ ಮೌನ ಅದನ್ನು ಬೇರೊಂದಾಗಿ ಮಾಡಿತು. ಒಂದು ಸಾಲು ಬರೆಯಲು ಎರಡು ನಿಮಿಷ ಸಾಕಾಗಿತ್ತು. ಗವಸಿನಿಂದ ಉಳಿಯುವುದೂ ಅಷ್ಟೇ.

ಚೀಟಿಯ ಮಾತು ಮುಗಿದ ಮೇಲೆ ಹಿರಿಯರು ಹೊರಟುಹೋಗುವರೆಂದುಕೊಂಡೆ. ಅವರು ಹೋಗಲಿಲ್ಲ. ನನ್ನ ಕೈಯಿಂದ ಟಾರ್ಚನ್ನು ತೆಗೆದುಕೊಂಡು, ಸಿಮೆಂಟಿನ ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿದರು. ಹುಡುಗ ಗವಸನ್ನು ಎತ್ತಿ ಹಿಡಿದು, ಅಗಲವಾದ ವಾಷರುಗಳನ್ನಿಟ್ಟು ಸ್ಕ್ರೂಗಳನ್ನು ಒಂದೊಂದಾಗಿ, ಯಾವುದನ್ನೂ ಅತಿಯಾಗಿ ಬಿಗಿಯದೆ, ತಿರುಗಿಸಿದ. ಮೊದಲನೆಯ ಬಿರುಕು ಹುಟ್ಟ��ದ್ದು ಅತಿಯಾಗಿ ಬಿಗಿದ ಸ್ಕ್ರೂವಿನಿಂದಲೇ ಇರಬೇಕು. ಹಿರಿಯರು ಗವಸಿಗೂ ಟೈರಿಗೂ ನಡುವೆ ಬೆರಳು ತೂರಿಸಿ ಸುತ್ತಲೂ ಆಡಿಸಿದರು. ಒಳಮಗ್ಗುಲಲ್ಲಿ ಬೆರಳು ಸಿಕ್ಕಿಕೊಂಡಿತು.

“ಇಲ್ಲಿ ಸಂದು ಕಡಿಮೆ. ಟೈರು ಬಿಸಿಯಾಗಿ ಉಬ್ಬಿದರೆ ಉಜ್ಜುತ್ತದೆ” ಎಂದರು.

ಇಬ್ಬರೂ ಸೇರಿ ಸ್ಕ್ರೂಗಳನ್ನು ಮತ್ತೆ ಬಿಚ್ಚತೊಡಗಿದರು. ತಾರೀಖಿನ ಜಾಗವನ್ನು ಖಾಲಿ ಬಿಟ್ಟ ಚೀಟಿ ದಾಖಲೆಯ ಪುಸ್ತಕದೊಳಗೆ ಹಾಗೆಯೇ ಇತ್ತು.